ಹಿತ್ತಲಿಗೂ ಒಂದು ಲೆಕ್ಕದ ಪುಸ್ತಕ

"ಕಳೆದ ಸಲ ಶುಂಠಿ ಯಾವಾಗ ಹಾಕಿದ್ದು?" ಎಂದು ನಮ್ಮ ಮನೆಗಳಲ್ಲಿ ಕೇಳಿ ನೋಡಿ. "ಪೆರ್ನಾಲ್ ಕಳೆದು ಒಂದು ವಾರಕ್ಕೆ" ಎನ್ನುತ್ತಾರೆ. ಇಲ್ಲದಿದ್ದರೆ "ಬಕ್ರೀದ್‌ಗೆ ಮುಂಚೆ, ಸಣ್ಣವಳ ಮದುವೆ ಆದ ಮೇಲೆ" ಎನ್ನುತ್ತಾರೆ. ನಾವು ದಿನ ನೆನಪಿಟ್ಟುಕೊಳ್ಳುವುದೇ ಹಾಗೆ. ನೋಂಬು, ಪೆರ್ನಾಲ್, ಮದುವೆ, ಮಯ್ಯತ್ತ್, ಗಲ್ಫಿನಿಂದ ಮಗ ಬಂದ ದಿನ, ವಾಪಸ್ ಹೋದ ದಿನ. ಬೇರೆ ಕೆಲಸಕ್ಕೆಲ್ಲ ಈ ಲೆಕ್ಕ ಸಾಕು. ಹಿತ್ತಲಿನ ಕೆಲಸಕ್ಕೆ ಮಾತ್ರ ಸಾಲುವುದಿಲ್ಲ.

ಯಾಕೆ ಎಂದು ಒಂದೇ ಉದಾಹರಣೆಯಲ್ಲಿ ಹೇಳಬಹುದು. 2020ರ ಪೆರ್ನಾಲ್ ಯಾರಿಗೂ ಮರೆತಿರಲಿಕ್ಕಿಲ್ಲ. ಪಳ್ಳಿಗೆ ಬೀಗ, ಮನೆಯೊಳಗೇ ನಮಾಝ್, ನೆಂಟರಿಲ್ಲದ ಹಬ್ಬ. ಕರಾವಳಿಯಲ್ಲಿ ಅದು ಬಂದದ್ದು ಮೇ 24ಕ್ಕೆ, ಪತ್ತನಾಜೆಯ ಹೊತ್ತಿಗೆ. ಲಾಕ್‌ಡೌನ್‌ನಲ್ಲಿ ಮಾಡಲು ಬೇರೆ ಕೆಲಸ ಇಲ್ಲದೆ ಎಷ್ಟೋ ಮನೆಯವರು ಆ ಸಲ ಹಾರೆ ಹಿಡಿದಿದ್ದರು. ಪೆರ್ನಾಲ್ ಕಳೆದು ಬೆಂಡೆ, ಹೀರೆ, ಕೆಸು ಹಾಕಿದವರಿಗೆ ಹೊತ್ತು ಸರಿಯಾಗಿಯೇ ಇತ್ತು. ಐದು ವರ್ಷ ಬಿಟ್ಟು 2025ರಲ್ಲಿ ಪೆರ್ನಾಲ್ ಮಾರ್ಚ್ 31ಕ್ಕೆ ಬಂತು. ಹೆಚ್ಚುಕಡಿಮೆ ಎಂಟು ವಾರ ಹಿಂದೆ. "ಪೆರ್ನಾಲ್ ಕಳೆದು ಹಾಕಿದ್ದು" ಎಂಬ ಅದೇ ನೆನಪಿನಲ್ಲಿ ಈ ಸಲ ಬೀಜ ಹಾಕಿದರೆ ಸುಡುವ ಬಿಸಿಲು, ಬತ್ತುವ ಬಾವಿ, ಮಳೆಗೆ ಇನ್ನೂ ಎರಡು ತಿಂಗಳು.

ಇದರಲ್ಲಿ ಕ್ಯಾಲೆಂಡರಿನ ತಪ್ಪೇನೂ ಇಲ್ಲ. ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಸೂರ್ಯನ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಕಡಿಮೆ. ಹೆಚ್ಚುವರಿ ತಿಂಗಳು ಸೇರಿಸಿ ಅದನ್ನು ಋತುವಿಗೆ ಹೊಂದಿಸುವ ಹಳೆಯ ಪದ್ಧತಿಯನ್ನು ಕುರ್‌ಆನ್ ನಿಲ್ಲಿಸಿದೆ. ಆದ್ದರಿಂದ ರಮಝಾನ್ ವರ್ಷದ ಎಲ್ಲ ಕಾಲವನ್ನೂ ಸುತ್ತಿ, ಸುಮಾರು 33 ವರ್ಷಕ್ಕೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಸೆಕೆಯ ನೋಂಬು, ಮಳೆಯ ನೋಂಬು, ಚಳಿಯ ನೋಂಬು ಎಲ್ಲವೂ ಒಬ್ಬನ ಆಯುಷ್ಯದಲ್ಲಿ ಸಿಗುತ್ತವೆ. ಇಬಾದತ್ತಿಗೆ ಅದೇ ಚಂದ. ಆದರೆ ಬೆಂಡೆ ಬೀಜಕ್ಕೆ ಶವ್ವಾಲ್ ಗೊತ್ತಿಲ್ಲ, ಮಳೆ ಗೊತ್ತುಂಟು.

ಎರಡು ಕ್ಯಾಲೆಂಡರಿನ ಕಾಲ

ನಮ್ಮ ಹಿರಿಯರಿಗೆ ಈ ತೊಂದರೆ ಇರಲಿಲ್ಲ. ಅವರ ತಲೆಯಲ್ಲಿ ಎರಡು ಕ್ಯಾಲೆಂಡರ್ ಒಟ್ಟೊಟ್ಟಿಗೆ ನಡೆಯುತ್ತಿತ್ತು. ನಮಾಝ್, ನೋಂಬು, ಝಕಾತ್, ಮೌಲೂದ್‌ಗೆ ಹಿಜರಿ. ಗದ್ದೆಗೆ ಮತ್ತು ಹಿತ್ತಲಿಗೆ ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ. ಏಣೆಲು, ಸುಗ್ಗಿ, ಕೊಳಕೆ ಎಂದು ಬೇಸಾಯ ಮಾಡುತ್ತಿದ್ದ ಬ್ಯಾರಿ ಕುಟುಂಬಗಳು ನೆರೆಕರೆಯ ತುಳುವರ ತಿಂಗಳುಗಳನ್ನೇ ಎಣಿಸುತ್ತಿದ್ದವು. ಪತ್ತನಾಜೆ ಎಂದರೆ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಕೋಲ, ಯಕ್ಷಗಾನದ ಮೇಳಗಳು ಆ ದಿನಕ್ಕೆ ನಿಲ್ಲುತ್ತವೆ ಎಂಬುದು ಒಂದು. ನಮ್ಮ ಅಜ್ಜಿಯಂದಿರಿಗೆ ಅದರ ಅರ್ಥ ಇನ್ನೊಂದು: ಇನ್ನು ತಡ ಮಾಡಬಾರದು, ಹೀರೆ ಬೀಜ ಕೆಳಗಿಳಿಸಬೇಕು.

ಹೀಗೆ ಎರಡು ಲೆಕ್ಕ ಇಟ್ಟುಕೊಂಡದ್ದು ಈ ಕರಾವಳಿಯ ಮುಸ್ಲಿಮರು ಮಾತ್ರ ಅಲ್ಲ. ಇಸ್ಲಾಮ್ ಹೋದ ಕಡೆಯಲ್ಲೆಲ್ಲ ರೈತರು ಇದನ್ನೇ ಮಾಡಿದ್ದಾರೆ, ಮತ್ತು ಬರೆದೂ ಇಟ್ಟಿದ್ದಾರೆ. ಸ್ಪೇನಿನ ಕೊರ್ಡೊಬಾದಲ್ಲಿ ಕ್ರಿ.ಶ. 961ರ ಹೊತ್ತಿಗೆ ಒಂದು ಪಂಚಾಂಗ ತಯಾರಾಗಿತ್ತು. ಅದರ ಹಿಂದೆ ಇಬ್ಬರ ಹೆಸರು ಕೇಳಿಬರುತ್ತದೆ: ಅರೀಬ್ ಇಬ್ನ್ ಸಅದ್ ಎಂಬ ಮುಸ್ಲಿಮ್ ವಿದ್ವಾಂಸ ಮತ್ತು ರೆಸೆಮುಂಡೊ ಎಂಬ ಕ್ರೈಸ್ತ ಬಿಷಪ್. ಖಲೀಫರ ರಾಜಧಾನಿಯಲ್ಲಿ ತಯಾರಾದ ಪಂಚಾಂಗವಾದರೂ ಅದು ನಡೆಯುವುದು ಮುಹರ್ರಮ್, ಸಫರ್ ಲೆಕ್ಕದಲ್ಲಿ ಅಲ್ಲ, ಸೂರ್ಯನ ತಿಂಗಳಲ್ಲಿ. ಯಾವಾಗ ಏನು ಬಿತ್ತಬೇಕು, ಯಾವ ಹಣ್ಣು ಯಾವಾಗ ಮಾಗುತ್ತದೆ ಎಂಬ ವಿವರ ಅದರಲ್ಲುಂಟು.

ನಮಗೆ ಇನ್ನೂ ಹತ್ತಿರದ್ದು ಯೆಮನಿನದ್ದು. ರಸೂಲಿ ವಂಶದ ಅಲ್ ಅಶ್ರಫ್ ಉಮರ್ ಎಂಬವರು, ಸುಲ್ತಾನರಾಗುವುದಕ್ಕೆ ಮುಂಚೆಯೇ, 1271ರ ಸುಮಾರಿಗೆ ಒಂದು ಪಂಚಾಂಗ ಬರೆದಿದ್ದರು. ಬಿತ್ತನೆ, ಕೊಯ್ಲು, ಮಳೆ, ಗಾಳಿಯ ಜೊತೆಗೆ ಏಡನ್ ಬಂದರಿನ ಹಡಗುಗಳ ಹೊತ್ತೂ ಅದರಲ್ಲುಂಟು. ನಮ್ಮ ಕರಾವಳಿಗೆ ಬರುತ್ತಿದ್ದ ಅರಬ್ ವ್ಯಾಪಾರಿಗಳು ನಂಬಿದ್ದು ಅದೇ ಮಳೆಗಾಳಿಯನ್ನು. ಅಲ್ಲಿನ ರೈತರು ನಕ್ಷತ್ರ ನೋಡಿ ಹದಿಮೂರು ಹದಿಮೂರು ದಿನದ ಲೆಕ್ಕ ಇಡುತ್ತಿದ್ದರು. ನಮ್ಮಲ್ಲಿ ಆರ್ದ್ರಾ, ಪುನರ್ವಸು, ಪುಷ್ಯ ಎಂದು ಮಳೆ ನಕ್ಷತ್ರ ಎಣಿಸುವುದೂ ಹದಿಮೂರು ಹದಿನಾಲ್ಕು ದಿನಕ್ಕೊಂದರಂತೆ. ಎಲ್ಲಿಯ ಯೆಮನ್, ಎಲ್ಲಿಯ ಉಳ್ಳಾಲ!

ಹನ್ನೊಂದನೇ ಶತಮಾನದ ಟೊಲೆಡೊ ನಗರದ ಇಬ್ನ್ ಬಸ್ಸಾಲ್ ಅವರನ್ನು ನನಗೆ ಇವರೆಲ್ಲರಿಗಿಂತ ಹೆಚ್ಚು ಇಷ್ಟ. ತೋಟಗಾರಿಕೆಯ ಬಗ್ಗೆ ಬರೆಯುವವರೆಲ್ಲ ಹಳೆಯ ಗ್ರಂಥಗಳ ಮಾತು ಎತ್ತಿ ಎತ್ತಿ ಹಾಕುತ್ತಿದ್ದ ಕಾಲದಲ್ಲಿ ಅವರು ತಾನು ಕೈಯಾರೆ ಮಾಡಿ ನೋಡಿದ್ದನ್ನೇ ಬರೆದರು. ಹಿತ್ತಲಿನ ಪುಸ್ತಕ ಎಂದರೆ ಅಷ್ಟೇ. ಯೂಟ್ಯೂಬಿನವರು ಹೇಳಿದ್ದಲ್ಲ, ನಿಮ್ಮ ಮಣ್ಣು ಹೇಳಿದ್ದು.

ಬಾಟಲಿಯೊಳಗೆ ಉಳಿದದ್ದು

ಬಂಟ್ವಾಳ ಕಡೆಯ ಒಂದು ಮನೆ. ಅಲ್ಲಿನ ಹಿರಿಯ ಉಮ್ಮ ತೀರಿಹೋದ ಕೆಲವು ತಿಂಗಳ ಮೇಲೆ ಅಟ್ಟ ಗುಡಿಸುವಾಗ ಏಳೆಂಟು ಹಾರ್ಲಿಕ್ಸ್ ಬಾಟಲಿ ಸಿಕ್ಕಿತಂತೆ. ಎಲ್ಲದರಲ್ಲೂ ಬೂದಿ, ಬೂದಿಯೊಳಗೆ ಬೀಜ. ಬೆಂಡೆ ಮತ್ತು ಅಲಸಂಡೆ ನೋಡಿದ ಕೂಡಲೇ ಗೊತ್ತಾಯಿತು. ಉಳಿದ ಬಳ್ಳಿ ಬೀಜಗಳಲ್ಲಿ ಕೆಲವು ಯಾವುದರದ್ದು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡಿಸೆಂಬರಿನಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕಿದರು. ಒಂದು ಬಳ್ಳಿ ಹಬ್ಬಿತು, ಕಾಯಿ ಬಿಡಲಿಲ್ಲ. ಇನ್ನೊಂದು ಮೊಳೆಯಲೇ ಇಲ್ಲ. ಮರುವರ್ಷಕ್ಕೆ ಇಡಲು ಬೀಜ ಉಳಿಯಲಿಲ್ಲ.

"ಉಮ್ಮನಿಗೆ ಎಲ್ಲ ಬಾಯಲ್ಲೇ ಇತ್ತು. ನಾವು ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ" ಎಂದರು ಆ ಮನೆಯ ಸೊಸೆ. "ಮಳೆಗಾಲದ ಹೀರೆ ಬೇರೆ, ಬೇಸಿಗೆಯದ್ದು ಬೇರೆ ಅಂತ ನಂಗೆ ಈಗ ಗೊತ್ತಾದದ್ದು."

ಅಂಥ ಬಾಟಲಿಗಳು ನಮ್ಮ ಎಷ್ಟು ಅಟ್ಟಗಳಲ್ಲಿ ಉಂಟೋ. ಗದ್ದೆ ಹೋಗಿ ಸೈಟ್ ಆಯಿತು, ಗಂಡಸರು ದುಬೈ, ದಮ್ಮಾಮ್‌ಗೆ ಹೋದರು, ಹೊಸ ಮನೆಗೆ ಅಂಗಳದ ತುಂಬ ಇಂಟರ್‌ಲಾಕ್ ಬಂತು. ಆದರೂ ಬಾವಿಕಟ್ಟೆಯ ಹತ್ತಿರ ಒಂದು ಬಸಳೆ ಚಪ್ಪರ, ಬಚ್ಚಲು ನೀರು ಹೋಗುವಲ್ಲಿ ನಾಲ್ಕು ಕೆಸು, ಮೂಲೆಯಲ್ಲಿ ಒಂದು ನುಗ್ಗೆ ಇನ್ನೂ ಉಳಿದದ್ದಿದ್ದರೆ ಅದು ಮನೆಯ ಹೆಂಗಸರಿಂದ. ಬಸಳೆಗೆ ಒಣ ಸಿಗಡಿ ಹಾಕಿ ಮಾಡಿದ ಪದಾರ್ಥಕ್ಕೆ ಹೊಗಳಿಕೆ ಸಿಗುತ್ತದೆ. ಆ ಬಸಳೆಯ ಬುಡಕ್ಕೆ ಯಾವಾಗ ಮಣ್ಣು ಕೊಟ್ಟದ್ದು ಎಂದು ಯಾರೂ ಕೇಳುವುದಿಲ್ಲ.

ತಮಾಷೆ ಎಂದರೆ, ಲೆಕ್ಕ ಬರೆಯುವುದು ನಮಗೆ ಹೊಸತಲ್ಲ. 'ಬ್ಯಾರಿ' ಎಂಬ ಹೆಸರೇ ಬ್ಯಾರದಿಂದ, ವ್ಯಾಪಾರದಿಂದ ಬಂದದ್ದು ಎಂದು ಹೇಳುವವರುಂಟು. ಅಡಿಕೆ, ಮೀನು, ಜೀನಸು, ಬಟ್ಟೆ ಏನೇ ಇರಲಿ, ಅಂಗಡಿಯಲ್ಲಿ ಉದ್ದದ ಪುಸ್ತಕ ಇರುತ್ತದೆ. ಯಾರಿಗೆ ಎಷ್ಟು ಕಡ, ಯಾವ ತಾರೀಕಿಗೆ ಎಂದು ಸಾಲು ಸಾಲಾಗಿ ಬರೆದಿರುತ್ತದೆ. ಕುರ್‌ಆನಿನ ಅತಿ ಉದ್ದದ ಆಯತ್ ಇರುವುದೇ ಸಾಲವನ್ನು ಬರೆದಿಡುವ ವಿಷಯದಲ್ಲಿ. ಅಂಗಡಿಯ ನೂರು ರೂಪಾಯಿ ಕಡಕ್ಕೆ ಪುಸ್ತಕ ಇಡುವವರು ಹಿತ್ತಲನ್ನು ಮಾತ್ರ ಬಾಯಿಲೆಕ್ಕಕ್ಕೆ ಬಿಟ್ಟಿದ್ದಾರೆ.

ಏನು ಬರೆಯುವುದು?

ಪುಸ್ತಕ ಯಾವುದಾದರೂ ಆದೀತು. ಗಲ್ಫಿನ ಕಂಪೆನಿಗಳ ಡೈರಿ ನಮ್ಮ ಮನೆಗಳಲ್ಲಿ ಮೂರು ನಾಲ್ಕು ಬಿದ್ದಿರುತ್ತವೆ. ಮಕ್ಕಳು ಅರ್ಧ ಬರೆದು ಬಿಟ್ಟ ನೋಟ್‌ಬುಕ್ಕೂ ಸಾಕು. ಒದ್ದೆ ಕೈಯಲ್ಲಿ ಮುಟ್ಟುವುದರಿಂದ ಪೆನ್ನಿಗಿಂತ ಪೆನ್ಸಿಲ್ ಒಳ್ಳೆಯದು, ಶಾಯಿ ಹರಡುವುದಿಲ್ಲ. ಬರೆಯಲು ಒಂದು ಹೊತ್ತು ಗೊತ್ತುಮಾಡಿಕೊಂಡರೆ ಬಿಟ್ಟುಹೋಗುವುದಿಲ್ಲ. ಅಸರ್ ಆಗಿ ಗಿಡಕ್ಕೆ ನೀರು ಬಿಟ್ಟು ಬಂದ ಮೇಲೆ ಐದು ನಿಮಿಷ ಸಾಕು. ದಿನಾ ಬರೆಯಬೇಕೆಂದಿಲ್ಲ. ಕೆಲಸ ಮಾಡಿದ ದಿನ ಬರೆದರಾಯಿತು.

ತಾರೀಕು ಎರಡು ಹಾಕಿ: ಇಂಗ್ಲಿಷ್ ತಾರೀಕು, ಪಕ್ಕದಲ್ಲಿ ತುಳು ತಿಂಗಳು. ಮಂಗಳೂರಿನ ಕ್ಯಾಲೆಂಡರುಗಳಲ್ಲಿ ಎರಡೂ ಸಿಗುತ್ತವೆ. ಹಿಜರಿಯನ್ನೂ ಬರೆದರೆ ಅಡ್ಡಿಯಿಲ್ಲ, ಬರ್ಕತ್ತಿಗೆ ಇರಲಿ. ಆದರೆ ಮುಂದಿನ ವರ್ಷ ಹುಡುಕುವಾಗ ಅದನ್ನು ಹಿಡಿದು ಹುಡುಕಬೇಡಿ.

ನಂತರ ಏನು ಹಾಕಿದ್ದು, ಎಲ್ಲಿ ಹಾಕಿದ್ದು, ಬೀಜ ಎಲ್ಲಿಂದ. ಈ ಮೂರನೆಯದನ್ನು ಎಲ್ಲರೂ ಬಿಡುತ್ತಾರೆ, ಮುಖ್ಯ ಅದೇ. "ತೊಕ್ಕೊಟ್ಟು ಅಂಗಡಿಯ ಪ್ಯಾಕೆಟ್" ಮತ್ತು "ದೊಡ್ಡಮ್ಮನ ಮನೆಯ ಬಿಳಿ ಬೆಂಡೆ" ಒಂದೇ ಅಲ್ಲ. ಪ್ಯಾಕೆಟ್ ಬೀಜ ಹೈಬ್ರಿಡ್ ಆಗಿದ್ದರೆ ಅದರ ಕಾಯಿಯಿಂದ ತೆಗೆದ ಬೀಜ ಮರುವರ್ಷ ಅದೇ ರೀತಿ ಬರುವುದಿಲ್ಲ. ಯಾವ ಸಾಲಿನಿಂದ ಬೀಜಕ್ಕೆ ಬಿಡಬೇಕು ಎಂದು ಗೊತ್ತಾಗಬೇಕಾದರೆ ಮೂಲ ಬರೆದಿರಬೇಕು. ಬೀಜ ಕೊಟ್ಟವರ ಹೆಸರು ಬರೆದಿಟ್ಟರೆ ಇನ್ನೊಂದು ಉಪಕಾರ ಉಂಟು. ನಿಮ್ಮಲ್ಲಿ ತಳಿ ತಪ್ಪಿಹೋದರೆ ಯಾರ ಮನೆಗೆ ಹೋಗಿ ಕೇಳುವುದು ಎಂದು ಗೊತ್ತಿರುತ್ತದೆ.

ಹಾಕುವ ಮೊದಲು ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿ ಇಡಿ. ಎಷ್ಟು ಮೊಳಕೆ ಬಂತು ಬರೆಯಿರಿ. ಎಂಟು ಬಂದರೆ ಧೈರ್ಯವಾಗಿ ಹಾಕಬಹುದು. ಮೂರು ಬಂದರೆ ಬೇರೆ ಬೀಜ ಹುಡುಕಲು ಇನ್ನೂ ಸಮಯ ಇರುತ್ತದೆ. ಏರಿಗೆ ಹಾಕಿ ಹದಿನೈದು ದಿನ ಕಾದು ಆಮೇಲೆ ತಲೆಗೆ ಕೈ ಇಡುವ ಕೆಲಸ ತಪ್ಪುತ್ತದೆ.

ಮಳೆಯನ್ನೂ ಅಳೆದು ಬರೆಯಬಹುದು. ನೇರ ಗೋಡೆಯ ಒಂದು ಡಬ್ಬ, ಮರದ ನೆರಳಿಲ್ಲದ ಜಾಗ, ಮಕ್ಕಳ ಸ್ಕೇಲ್, ಅಷ್ಟೇ ಬೇಕಾದದ್ದು. ಬೆಳಿಗ್ಗೆ ಎಂಟೂವರೆಗೆ ಡಬ್ಬದಲ್ಲಿ ಎಷ್ಟು ಮಿಲಿಮೀಟರ್ ಎತ್ತರ ನೀರುಂಟೋ ಅದೇ ಹಿಂದಿನ ದಿನದ ಮಳೆ. ಹವಾಮಾನ ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ. ನೋಡಿ ಚೆಲ್ಲಿಬಿಡಿ, ಸೊಳ್ಳೆ ಆಗದ ಹಾಗೆ. ಈ ಕೆಲಸ ಮನೆಯ ಮಕ್ಕಳಿಗೆ ಕೊಟ್ಟರೆ ನಮಗಿಂತ ಚೆನ್ನಾಗಿ ಮಾಡುತ್ತಾರೆ.

ಮಳೆಯ ಲೆಕ್ಕ ಯಾಕೆ ಎನ್ನುವವರಿಗೆ: ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಅದು ಜೂನ್ 8ಕ್ಕೆ ಬಂತು, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೆ. ಮೂರೇ ವರ್ಷದಲ್ಲಿ ಹದಿನೈದು ದಿನದ ಅಂತರ. ಅಜ್ಜಿಯ ಪತ್ತನಾಜೆಯ ಲೆಕ್ಕ ತಪ್ಪು ಎಂದು ಇದರ ಅರ್ಥ ಅಲ್ಲ. ಆ ಒಂದು ದಿನ ಮಾತ್ರ ನೋಡಿದರೆ ಇನ್ನು ಸಾಲದು, ಅಷ್ಟೇ. ನಾಲ್ಕೈದು ವರ್ಷದ ಪುಸ್ತಕ ಕೈಯಲ್ಲಿದ್ದರೆ "ಈ ಸಲ ಪಗ್ಗುವಿನಲ್ಲೇ ಎರಡು ಒಳ್ಳೆಯ ಮಳೆ ಬಿತ್ತು, ಹಿಂದೊಮ್ಮೆ ಹೀಗೇ ಆದಾಗ ಎಂಥ ಮಾಡಿದ್ದೆವು" ಎಂದು ತೆಗೆದು ನೋಡಬಹುದು.

ಒಂದು ಪುಟದಲ್ಲಿ ಹಿತ್ತಲಿನ ನಕ್ಷೆ ಇರಲಿ. ಮನೆ, ಬಾವಿ, ತೆಂಗಿನಮರ, ಏರಿಗಳು. ದಿಕ್ಕು ಹಾಕಲು ದಿಕ್ಸೂಚಿ ಹುಡುಕಬೇಡಿ, ಮುಸಲ್ಲ ಹಾಸುವ ದಿಕ್ಕು ಎಲ್ಲರಿಗೂ ಗೊತ್ತಲ್ಲ. ಮಂಗಳೂರಿನಿಂದ ಕಿಬ್ಲ ಪಡುವಣಕ್ಕಿಂತ ತುಸು ಬಡಗಣಕ್ಕುಂಟು. ಈ ನಕ್ಷೆಯಲ್ಲಿ ನೆರಳು ಎಲ್ಲಿ ಬೀಳುತ್ತದೆ ಎಂದು ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರಿನಲ್ಲಿ ಗುರುತು ಮಾಡಿ. ನಮ್ಮೂರಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಬಡಗಣಕ್ಕಿರುತ್ತಾನೆ. ಡಿಸೆಂಬರಿನಲ್ಲಿ ತೆಂಕಣಕ್ಕೆ ಚೆನ್ನಾಗಿ ಇಳಿದಿರುತ್ತಾನೆ. ಮನೆಯ ಬಡಗಣ ಗೋಡೆಯ ಬುಡದಲ್ಲಿ ಮೇ ತಿಂಗಳಲ್ಲಿ ಬಿಸಿಲಿತ್ತೆಂದು ಡಿಸೆಂಬರಿನಲ್ಲಿ ಅಲ್ಲೇ ಟೊಮೆಟೊ ಇಟ್ಟರೆ ಗಿಡ ಉದ್ದ ಹೋಗುತ್ತದೆ, ಕಾಯಿ ಬಿಡುವುದಿಲ್ಲ. ಫ್ಲ್ಯಾಟಿನ ಬಾಲ್ಕನಿಯವರಿಗೂ ತಾರಸಿಯ ಗ್ರೋ ಬ್ಯಾಗಿನವರಿಗೂ ಇದು ಇನ್ನೂ ಮುಖ್ಯ. ಅವರಿಗೆ ಮಣ್ಣು ಆಯ್ಕೆ ಮಾಡಬಹುದು, ಬಿಸಿಲು ಆಯ್ಕೆ ಮಾಡಲಿಕ್ಕಿಲ್ಲ.

ನಕ್ಷೆಯ ಇನ್ನೊಂದು ಪ್ರಯೋಜನ ಸೊರಗು ರೋಗದ ವಿಷಯದಲ್ಲಿ. ಬದನೆ, ಟೊಮೆಟೊ, ಮೆಣಸು ಮೂರೂ ಒಂದೇ ಕುಟುಂಬದವು. ಕರಾವಳಿಯ ಹುಳಿ ಮಣ್ಣಿನಲ್ಲಿ ಇವಕ್ಕೆ ಬರುವ ಸೊರಗು ರೋಗದ ಬ್ಯಾಕ್ಟೀರಿಯ ಮಣ್ಣಿನಲ್ಲೇ ಉಳಿಯುತ್ತದೆ. ಬೆಳಿಗ್ಗೆ ನೆಟ್ಟಗಿದ್ದ ಗಿಡ ಸಂಜೆಗೆ ಬಾಡಿ, ಎಲೆ ಹಸಿರಾಗಿಯೇ ಇದ್ದು ಸಾಯುತ್ತದೆ. "ಯಾರದ್ದೋ ಕಣ್ಣು ಬಿತ್ತು" ಎಂದು ಹೇಳುವುದು ಕೇಳಿದ್ದೇನೆ. ಕಣ್ಣಲ್ಲ, ಕಳೆದ ವರ್ಷವೂ ಅಲ್ಲೇ ಬದನೆ ಇತ್ತು. ಗಿಡ ಸತ್ತ ಜಾಗಕ್ಕೆ ನಕ್ಷೆಯಲ್ಲಿ ಒಂದು ಗೀಟು ಹಾಕಿ, ಎರಡು ಮೂರು ವರ್ಷ ಅಲ್ಲಿ ಹರಿವೆಯೋ ಅಲಸಂಡೆಯೋ ಹಾಕಿ.

ಬೆಳೆಗೆ ಬಂದ ಪೀಡೆಯ ತಾರೀಕನ್ನೂ ಬರೆಯಿರಿ. ಹಾಗಲ, ಪಡುವಲಕ್ಕೆ ಹಣ್ಣುನೊಣ ಬಂದ ವಾರ, ಆಫ್ರಿಕನ್ ಬಸವನಹುಳು ಗೋಡೆ ಹತ್ತಿದ ವಾರ, ನವಿಲು ಮೊಳಕೆ ಹೆಕ್ಕಿದ ದಿನ. ಮರುವರ್ಷ ಆ ವಾರಕ್ಕೆ ಮುಂಚೆಯೇ ಮಿಡಿಗೆ ಕಾಗದದ ಕವರ್ ಕಟ್ಟಬಹುದು. ಮಂಗ ಮತ್ತು ಹಂದಿಗೆ ಪುಸ್ತಕದಲ್ಲಿ ಮದ್ದಿಲ್ಲ ಮಾರಾಯ್ರೆ.

ಒಂದು ಸುತ್ತು

ಕರಾವಳಿಯಲ್ಲಿ ವರ್ಷದ ಸುತ್ತು ಒಳನಾಡಿನ ಹಾಗಲ್ಲ. ಬೆಂಗಳೂರಿನವರು ಬರೆದ ಬಿತ್ತನೆ ಪಟ್ಟಿ ಇಟ್ಟುಕೊಂಡು ಮಂಗಳೂರಿನಲ್ಲಿ ಕೆಲಸ ನಡೆಯುವುದಿಲ್ಲ. ಇಲ್ಲಿ ಮಳೆಯ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ.

ಪಗ್ಗುವಿನಲ್ಲಿ, ಅಂದರೆ ಏಪ್ರಿಲ್ ಮಧ್ಯದಿಂದ, ಕೆಲಸ ಶುರು. ಸುಡುಮಣ್ಣು ಮಾಡುವುದು, ಹುಳಿ ಮಣ್ಣಿಗೆ ಸುಣ್ಣ ಹಾಕುವುದು. ಸುಣ್ಣ ಮತ್ತು ಹಟ್ಟಿಗೊಬ್ಬರ ಒಟ್ಟಿಗೆ ಬೇಡ, ನಡುವೆ ಎರಡು ವಾರ ಇರಲಿ. ಬೀಜದ ಬಾಟಲಿ ಇಳಿಸಿ ನೋಡುವುದು. ಮೊದಲ ಮಳೆ ಬಿದ್ದ ಮೇಲೆ ಸುವರ್ಣಗೆಡ್ಡೆ, ಅರಶಿನ, ಶುಂಠಿ. ಬೇಶದಲ್ಲಿ ಪತ್ತನಾಜೆಯ ಹೊತ್ತಿಗೆ ಬೆಂಡೆ, ಹೀರೆ, ಪಡುವಲ, ಹಾಗಲ, ಮುಳ್ಳುಸೌತೆ. ಏರಿ ಎತ್ತರ ಇರಬೇಕು, ಇಲ್ಲದಿದ್ದರೆ ಮೊದಲ ವಾರದ ಮಳೆಗೇ ಬೀಜ ಕೊಳೆಯುತ್ತದೆ.

ಕಾರ್ತೆಲ್, ಆಟಿಯಲ್ಲಿ ಬಿತ್ತುವ ಕೆಲಸ ಇಲ್ಲ. ಕೆಸು, ತಜಂಕ್, ಕಣಿಲೆ ತಿಂದುಕೊಂಡು ನೋಡುತ್ತ ಇರುವುದು. ಆದರೆ ಪುಸ್ತಕಕ್ಕೆ ಒಳ್ಳೆಯ ಹೊತ್ತು ಇದೇ: ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿದು ಮಣ್ಣು ತೊಳೆಯುತ್ತದೆ, ಯಾವ ಏರಿ ಕುಸಿಯಿತು ಎಂದು ಬೇಸಿಗೆಯಲ್ಲಿ ನೆನಪಿರುವುದಿಲ್ಲ. ಆಟಿ ಕಳೆಯುವಾಗ ಸೂರಿನಡಿ ಬದನೆ, ಮೆಣಸಿನ ಸಸಿ ಮಾಡಿ. ಸೋಣ, ನಿರ್ನಾಲದಲ್ಲಿ ಮಳೆ ಬಿಟ್ಟು ಬಿಟ್ಟು ಬರುವಾಗ ನೆಟ್ಟರೆ ಸರಿಯಾಗುತ್ತದೆ. ಬೊಂತೆಲ್‌ನಿಂದ ಮುಂದೆ, ಅಕ್ಟೋಬರ್ ಮಧ್ಯದ ನಂತರ, ಹರಿವೆ, ಅಲಸಂಡೆ, ಮೂಲಂಗಿ, ಕೊತ್ತಂಬರಿ, ಗೆಣಸು. ಡಿಸೆಂಬರ್, ಜನವರಿಯಲ್ಲಿ ಸಾಂಬಾರ ಸೌತೆ, ಕುಂಬಳ. ಹಿಂದೆ ಸುಗ್ಗಿ ಕೊಯ್ದ ಗದ್ದೆಯಲ್ಲಿ ಕೊಡಪಾನದಲ್ಲಿ ನೀರು ಹೊತ್ತು ಬೆಳೆಸಿ, ಬೆಳೆದ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ತೂಗಿಸಿದರೆ ಮಳೆಗಾಲದ ಮೀನಿಲ್ಲದ ದಿನಗಳಿಗೆ ಅದೇ ಗತಿ.

ನೋಂಬಿನಿಂದ ಹಿಂದಕ್ಕೆ ಎಣಿಸಿ

ಹಿಜರಿ ತಾರೀಕನ್ನು ನಂಬಿ ಬಿತ್ತಬೇಡಿ ಎಂದೆ. ಆದರೆ ಕೊಯ್ಯುವುದಕ್ಕೆ ಅದು ಬೇಕು. ಯಾಕೆಂದರೆ ನಮ್ಮ ಅಡುಗೆಮನೆಗೆ ತರಕಾರಿ ಹೆಚ್ಚು ಬೇಕಾಗುವ ತಿಂಗಳು ರಮಝಾನ್. ಪುದೀನ, ಕೊತ್ತಂಬರಿ, ಮುಳ್ಳುಸೌತೆ, ಲಿಂಬೆ, ಕಲ್ಲಂಗಡಿ ಎಲ್ಲದಕ್ಕೂ ಆಗ ಕ್ರಯ ಏರುತ್ತದೆ.

ಈಗ ಒಂದು ಒಳ್ಳೆಯ ಸಂಗತಿ ಉಂಟು. 2016, 2017ರಲ್ಲಿ ರಮಝಾನ್ ಜೂನ್ ಮಳೆಯಲ್ಲಿತ್ತು, ಹಿತ್ತಲಿನಲ್ಲಿ ಕೊಯ್ಯಲು ಹೆಚ್ಚೇನೂ ಇರದ ಹೊತ್ತು. ಇನ್ನು ಬರುವ ಕೆಲವು ವರ್ಷ ಅದು ಕರಾವಳಿಯ ತರಕಾರಿಯ ಒಳ್ಳೆಯ ಕಾಲಕ್ಕೇ ಬರುತ್ತದೆ. 2027ರಲ್ಲಿ ಫೆಬ್ರವರಿ ಎರಡನೇ ವಾರ, 2028ರಲ್ಲಿ ಜನವರಿ ಕೊನೆ, 2029ರಲ್ಲಿ ಜನವರಿ ಮಧ್ಯ. 2030ರಲ್ಲಿ ಎರಡು ಸಲ, ಜನವರಿ ಮೊದಲಿಗೆ ಒಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ. ಚಂದ್ರ ಕಂಡಂತೆ ಒಂದೆರಡು ದಿನ ಆಚೀಚೆ.

2027ನ್ನೇ ತೆಗೆದುಕೊಳ್ಳಿ. ಫೆಬ್ರವರಿ 8ರ ಸುಮಾರಿಗೆ ನೋಂಬು ಶುರು ಎಂದು ಹಿಡಿದು ಹಿಂದಕ್ಕೆ ಎಣಿಸಬೇಕು. ಹರಿವೆಗೆ ಇಪ್ಪತ್ತೈದು ಮೂವತ್ತು ದಿನ ಸಾಕು, ಜನವರಿ ಮೊದಲ ವಾರಕ್ಕೆ ಬಿತ್ತಿದರೆ ಆಯಿತು. ಕೊತ್ತಂಬರಿಗೆ ಇನ್ನೊಂದು ವಾರ ಹೆಚ್ಚು ಕೊಡಿ. ಅಲಸಂಡೆ, ಬೆಂಡೆ, ಮುಳ್ಳುಸೌತೆಗೆ ನಲವತ್ತೈದರಿಂದ ಐವತ್ತೈದು ದಿನ, ಡಿಸೆಂಬರ್ ಮಧ್ಯ. ಸಾಂಬಾರ ಸೌತೆಗೆ ಎರಡು ತಿಂಗಳ ಮೇಲೆ ಬೇಕು, ನವೆಂಬರ್ ಕೊನೆ. ಕಲ್ಲಂಗಡಿಗೆ ಎಂಬತ್ತು ತೊಂಬತ್ತು ದಿನ, ನವೆಂಬರ್ ಮಧ್ಯ ದಾಟಬಾರದು. ಪುದೀನ ಕಡ್ಡಿ ಡಿಸೆಂಬರಿನಲ್ಲಿ ನೆಟ್ಟರೆ ಪೆರ್ನಾಲಿನ ಬಿರಿಯಾನಿಯ ತನಕ ಚಿವುಟಿದಷ್ಟೂ ಬರುತ್ತದೆ. ಹರಿವೆಯನ್ನು ಒಂದೇ ದಿನ ಬಿತ್ತಬೇಡಿ, ಹತ್ತು ದಿನಕ್ಕೊಂದು ಸಾಲು ಬಿತ್ತಿದರೆ ತಿಂಗಳಿಡೀ ಸಿಗುತ್ತದೆ. ಈ ದಿನಗಳ ಲೆಕ್ಕ ಊರಿಂದ ಊರಿಗೆ, ತಳಿಯಿಂದ ತಳಿಗೆ ವಾರ ಹತ್ತು ದಿನ ಬದಲಾಗುತ್ತದೆ. ನಿಮ್ಮಲ್ಲಿ ನಿಜವಾಗಿ ಎಷ್ಟು ದಿನ ಹಿಡಿಯಿತು ಎಂದು ಮೊದಲ ವರ್ಷ ಬರೆದರೆ ಎರಡನೇ ವರ್ಷ ನನ್ನ ಲೆಕ್ಕ ಬೇಡ.

ಗದ್ದೆ ಉಳಿಸಿಕೊಂಡವರಿಗೆ ಪುಸ್ತಕ ಇನ್ನೊಂದಕ್ಕೂ ಬೇಕು. ಬೆಳೆಯ ಝಕಾತ್ ಮಳೆನೀರಿನ ಬೆಳೆಗೆ ಹತ್ತರಲ್ಲಿ ಒಂದು, ಖರ್ಚು ಮಾಡಿ ನೀರು ಹಾಯಿಸಿದ್ದಕ್ಕೆ ಇಪ್ಪತ್ತರಲ್ಲಿ ಒಂದು. ನಾವು ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಹಿತ್ತಲಿನ ಸೊಪ್ಪು ತರಕಾರಿಗೆ ಅದು ಇಲ್ಲ, ಭತ್ತದಂಥ ಸಂಗ್ರಹಿಸಿಡುವ ಆಹಾರಧಾನ್ಯ ನಿಸಾಬ್ ತಲುಪಿದರೆ ಉಂಟು. ಅರ್ಧ ಮಳೆ, ಅರ್ಧ ಪಂಪಿನಲ್ಲಿ ಬೆಳೆದವರು ಎಷ್ಟು ದಿನ ಪಂಪ್ ಹಾಕಿದ್ದು ಎಂದು ಬರೆದಿಟ್ಟರೆ ಉಸ್ತಾದರ ಹತ್ತಿರ ಕೇಳುವಾಗ ಅಂದಾಜಿನಲ್ಲಿ ಮಾತಾಡಬೇಕಾಗಿಲ್ಲ.

ಗಿಡ ನೆಟ್ಟವನಿಗೆ ಅದರಿಂದ ಹಕ್ಕಿ, ಮನುಷ್ಯ, ಪ್ರಾಣಿ ತಿಂದದ್ದೆಲ್ಲ ಸದಕವಾಗುತ್ತದೆ ಎಂಬ ಪ್ರವಾದಿವಚನವನ್ನು ಪ್ರತಿ ಜೂನ್ 5ಕ್ಕೆ ಸಸಿ ಹಂಚುವ ವೇದಿಕೆಯಲ್ಲಿ ಕೇಳುತ್ತೇವೆ. ಒಳ್ಳೆಯದೇ. ಆದರೆ ಫೋಟೊ ತೆಗೆದಾದ ಮೇಲೆ ಆ ಸಸಿ ಎಂಥ ಆಯಿತು ಎಂದು ಬರೆದಿಟ್ಟ ಸಂಘಟನೆಯನ್ನು ನಾನು ನೋಡಿಲ್ಲ. ಜಮಾಅತ್ ಕಮಿಟಿಗಳು ಪಳ್ಳಿಯ ವಠಾರದಲ್ಲಿ ನೆಟ್ಟ ಗಿಡಗಳಿಗೂ ಒಂದು ಪುಟ ಇಡಬಹುದು: ಯಾವಾಗ ನೆಟ್ಟದ್ದು, ನೀರು ಯಾರ ಪಾಳಿ, ಬದುಕಿದೆಯೋ ಇಲ್ಲವೋ.

ಯಾರು ಬರೆಯುವುದು ಎಂಬ ಪ್ರಶ್ನೆ ಉಳಿಯಿತು. ಹಿತ್ತಲು ಗೊತ್ತಿರುವ ನಮ್ಮ ಹಿರಿಯ ಹೆಂಗಸರಲ್ಲಿ ಕೆಲವರಿಗೆ ಕನ್ನಡ ಬರೆಯಲು ಬರುವುದಿಲ್ಲ, ಮದ್ರಸದಲ್ಲಿ ಕಲಿತ ಅರಬಿ ಮಲಯಾಳ ಬರುತ್ತದೆ. ಅದರಲ್ಲೇ ಬರೆಯಲಿ, ಗಿಡಕ್ಕೆ ಲಿಪಿಯ ಹಂಗಿಲ್ಲ. ಇಲ್ಲದಿದ್ದರೆ ಉಮ್ಮ ಹೇಳುವುದು, ಮಗಳೋ ಮೊಮ್ಮಗಳೋ ಬರೆಯುವುದು. ಬ್ಯಾರಿ ಭಾಷೆಯಲ್ಲಿ ಹೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಹಾಗೆಯೇ ಬರೆದರೆ ಇನ್ನೂ ಒಳ್ಳೆಯದು. ಸೊಪ್ಪು, ಬೀಜ, ಹುಳದ ಹೆಸರುಗಳಲ್ಲಿ ಕೆಲವು ಈಗ ಅವರ ಬಾಯಲ್ಲಿ ಮಾತ್ರ ಇವೆ. ಗಲ್ಫಿನಲ್ಲಿರುವ ಮಕ್ಕಳು ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಕಳಿಸುವಾಗ "ಊಟ ಆಯ್ತ, ಮದ್ದು ತಗೊಂಡ್ರಾ" ಆದ ಮೇಲೆ ಒಂದು ಪ್ರಶ್ನೆ ಹೆಚ್ಚು ಕೇಳಬಹುದು: "ಉಮ್ಮ, ಪಡುವಲ ಬೀಜ ಯಾವಾಗ ಹಾಕುವುದು?" ಬಂದ ಉತ್ತರವನ್ನು ಮನೆಯಲ್ಲಿದ್ದವರು ಪುಸ್ತಕಕ್ಕೆ ಇಳಿಸಬೇಕು. ಮೊಬೈಲಿನಲ್ಲೇ ಬಿಟ್ಟರೆ ಫೋನ್ ಬದಲಾದ ದಿನ ಅದೂ ಹೋಯಿತು.

ಮೊದಲ ಪುಟಕ್ಕೆ ಏನೂ ಬಿತ್ತಿರಬೇಕೆಂದಿಲ್ಲ. ಈ ವಾರ ಹಿತ್ತಲಿಗೆ ಒಂದು ಸುತ್ತು ಬನ್ನಿ. ಈಗ ಏನು ಹೂ ಬಿಟ್ಟಿದೆ, ಯಾವುದು ಕಾಯಿ, ಬಾವಿಯ ನೀರು ಎಷ್ಟನೇ ಬಳೆಯ ತನಕ ಇದೆ, ಅಟ್ಟದಲ್ಲಿ ಯಾವ ಯಾವ ಬೀಜದ ಬಾಟಲಿ ಇದೆ, ಅದನ್ನು ಇಟ್ಟವರು ಯಾರು. ತಾರೀಕು ಹಾಕಿ ಇಷ್ಟು ಬರೆಯಿರಿ. ಹೆಸರು ಗೊತ್ತಿಲ್ಲದ ಬಾಟಲಿ ಸಿಕ್ಕಿದರೆ ಕೈಯಲ್ಲಿ ಹಿಡಿದುಕೊಂಡು ನೆರೆಮನೆಯ ಹಿರಿಯರ ಹತ್ತಿರ ಹೋಗಿ, ಪೆನ್ಸಿಲೂ ಜೊತೆಗಿರಲಿ.